ಹಳೆಯ ಪೇಟಿಗೆ ಮರಳಿ ಬರುವ ಉಸಿರು

ನಮ್ಮ ಕೃಷ್ಣಾ ತೀರದ ಊರುಗಳಲ್ಲಿ ಹಾರ್ಮೋನಿಯಂ ಎಂಬ ಉದ್ದನೆಯ ಹೆಸರನ್ನು ಬಳಸುವವರು ಕಡಿಮೆ. ತೇರದಾಳ, ರಬಕವಿ, ಬನಹಟ್ಟಿ, ಜಮಖಂಡಿಗಳ ಕಡೆ ಅದು ಬರಿಯ ‘ಪೇಟಿ’. ಗುಡಿಯ ಭಜನೆಗೂ ಪೇಟಿ, ಪಾರಿಜಾತದ ಆಟಕ್ಕೂ ಪೇಟಿ, ಮನೆಯ ಹೆಣ್ಣುಮಗಳ ಸಂಗೀತದ ಅಭ್ಯಾಸಕ್ಕೂ ಪೇಟಿ. ಒಂದು ಕಾಲಕ್ಕೆ ಹೊತ್ತು ಮುಳುಗಿದರೆ ಸಾಕು, ಓಣಿಯ ಯಾವುದಾದರೊಂದು ಕಟ್ಟೆಯಿಂದ ಅದರ ದನಿ ಕೇಳಿಬರುತ್ತಿತ್ತು. ಈಗ ಅವುಗಳಲ್ಲಿ ಎಷ್ಟೋ ಪೇಟಿಗಳು ಅಟ್ಟವನ್ನೇರಿವೆ. ಇಲ್ಲವೇ ಗುಡಿಯ ಮೂಲೆಯಲ್ಲಿ ಹಳೆಯ ಜಮಖಾನೆಯ ಕೆಳಗೆ ಧೂಳು ತಿನ್ನುತ್ತ ಕುಳಿತಿವೆ. ಒತ್ತಿದರೆ ಏದುಸಿರು, ಹಿಡಿದರೆ ಅಪಸ್ವರ. ಆಗ ಮನೆಯವರ ಮುಂದೆ ಬರುವ ಪ್ರಶ್ನೆ ಒಂದೇ: ಇದನ್ನು ದುರಸ್ತಿ ಮಾಡಿಸುವುದೋ, ಮಾರಿ ಹೊಸದೊಂದನ್ನು ತರುವುದೋ?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅದರ ಬೆನ್ನ ಹಿಂದೆ ನೂರು ವರ್ಷಗಳ ಇತಿಹಾಸವಿದೆ, ಒಂದು ಸೂಕ್ಷ್ಮವಾದ ಕುಶಲವಿದ್ಯೆಯಿದೆ. ಒಮ್ಮೆ ಕಳೆದರೆ ಮರಳಿ ಬಾರದ ಒಂದು ದನಿಯೂ ಇದೆ.

ಪರದೇಶದಿಂದ ಬಂದ ಅತಿಥಿ

ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸಿನಲ್ಲಿ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆಂ ಎಂಬಾತನು ಈ ಹೆಸರಿನಲ್ಲಿ ಅದರ ಹಕ್ಕನ್ನು ಪಡೆದನು. ಆಗ ಅದು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ತಿದಿಯೊತ್ತಿ, ಎರಡೂ ಕೈಗಳಿಂದ ನುಡಿಸುವ ಭಾರವಾದ ವಾದ್ಯ. ಪಾದ್ರಿಗಳೊಡನೆಯೂ ಅಧಿಕಾರಿಗಳೊಡನೆಯೂ ಅದು ಹಡಗನ್ನೇರಿ ಭಾರತಕ್ಕೆ ಬಂದಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಹಾಡುವ ನಮ್ಮ ಜನಕ್ಕೆ ಕುರ್ಚಿಯ ವಾದ್ಯವೇಕೆ? ಕಲಕತ್ತೆಯಲ್ಲಿ 1875ರಲ್ಲಿ ಸ್ಥಾಪಿತವಾದ ದ್ವಾರ್ಕಿನ್ ಸಂಸ್ಥೆಯ ದ್ವಾರಕಾನಾಥ ಘೋಷರು ಅದರ ಕಾಲುಗಳನ್ನು ತೆಗೆದು, ತಿದಿಯನ್ನು ಬೆನ್ನಿಗೆ ಕೂಡಿಸಿ, ಎಡಗೈಯಿಂದ ಗಾಳಿ ಹಾಕಿ ಬಲಗೈಯಿಂದ ನುಡಿಸುವ ಕೈಪೇಟಿಯನ್ನು ಬಳಕೆಗೆ ತಂದರು. ಅಂದಿನಿಂದ ಅತಿಥಿಯು ಮನೆಯವನೇ ಆದನು.

ನಮ್ಮ ಭಾಗಕ್ಕೆ ಅದನ್ನು ಹೊತ್ತುತಂದ ದಾರಿಗಳಲ್ಲಿ ನಾಟಕದ ದಾರಿ ದೊಡ್ಡದು. ತೇರದಾಳವು ಆ ಕಾಲದಲ್ಲಿ ಸಾಂಗಲಿ ಸಂಸ್ಥಾನದ ಒಂದು ತಾಲೂಕು. 1948ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಇಲ್ಲಿಯ ಕಾಗದಪತ್ರಗಳು ಸಾಂಗಲಿಗೆ ಹೋಗುತ್ತಿದ್ದವು. ಸಾಂಗಲಿಯ ಹವ್ಯಾಸಗಳು ಇಲ್ಲಿಗೆ ಬರುತ್ತಿದ್ದವು. 1843ರಲ್ಲಿ ವಿಷ್ಣುದಾಸ ಭಾವೆಯವರು ಸೀತಾಸ್ವಯಂವರವನ್ನಾಡಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದ ಊರೇ ಸಾಂಗಲಿ. ಅದಕ್ಕೆ ಸ್ಫೂರ್ತಿ ನೀಡಿದ್ದು ನಮ್ಮ ಉತ್ತರ ಕನ್ನಡದ ಭಾಗವತರ ಮೇಳವೆಂಬುದು ಅಭಿಮಾನದ ಸಂಗತಿ. ಮುಂದೆ ಸಂಗೀತ ನಾಟಕಗಳ ಯುಗ ಬಂದಾಗ ಪೇಟಿಯು ರಂಗದ ಮುಂಭಾಗದಲ್ಲಿ ಗಟ್ಟಿಯಾಗಿ ಕುಳಿತಿತು. ಕುಲಗೋಡ ತಮ್ಮಣ್ಣನವರ ಹೆಸರಿನೊಡನೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತಕ್ಕೂ ಅದು ಆಸರೆಯಾಯಿತು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಕಂಠವು ಬಯಲಿನ ಕೊನೆಯ ಸಾಲಿನವರೆಗೆ ಮುಟ್ಟಬೇಕಾದರೆ ಆ ಕಂಠಕ್ಕೆ ಸಮನಾಗಿ ನಿಲ್ಲಬಲ್ಲ ವಾದ್ಯವೊಂದು ಬೇಕಲ್ಲವೆ?

ಒಡಲೊಳಗೇನಿದೆ?

ಪೇಟಿಯನ್ನು ಬಿಚ್ಚಿ ನೋಡಿದವರಿಗೆ ಮೊದಲು ಅಚ್ಚರಿಯಾಗುವುದು ಅದರ ಸರಳತೆ. ಹಿಂದಿನ ತಿದಿಯನ್ನು ಕೈಯಿಂದ ಒತ್ತಿದಾಗ ಗಾಳಿಯು ಒಳಗಿನ ಮತ್ತೊಂದು ತಿದಿಯಲ್ಲಿ ಸಂಗ್ರಹವಾಗುತ್ತದೆ. ಈ ಒಳತಿದಿಯ ಮೇಲೆ ಸ್ಪ್ರಿಂಗುಗಳ ಒತ್ತಡವಿರುವುದರಿಂದ, ಕೈಯ ಚಲನೆ ನಿಂತು ನಿಂತು ಸಾಗಿದರೂ ಗಾಳಿಯ ಪೂರೈಕೆ ಒಂದೇ ಸಮನಾಗಿರುತ್ತದೆ. ಮೇಲಿನ ಕಪ್ಪು ಬಿಳಿ ಪಟ್ಟಿಯನ್ನು ಒತ್ತಿದೊಡನೆ ಅದರ ಬಾಲಕ್ಕೆ ಅಂಟಿಸಿದ ತೊಗಲಿನ ಮುಚ್ಚಳವು ಮೇಲೇಳುತ್ತದೆ, ರಂಧ್ರವು ತೆರೆಯುತ್ತದೆ, ಗಾಳಿಯು ಹಿತ್ತಾಳೆಯ ಸುರದ ಮೂಲಕ ನುಗ್ಗುತ್ತದೆ.

ಸುರವೆಂದರೆ ಏನು? ಹಿತ್ತಾಳೆಯ ಒಂದು ಚಿಕ್ಕ ಚೌಕಟ್ಟು, ಅದರಲ್ಲೊಂದು ಸೀಳು, ಸೀಳಿನ ಮೇಲೆ ಒಂದು ತುದಿಯನ್ನು ಮಾತ್ರ ಗುಬ್ಬಿಮೊಳೆಯಿಂದ ಬಿಗಿದ ತೆಳುವಾದ ನಾಲಗೆ. ಈ ನಾಲಗೆಯು ಸೀಳಿನ ಅಂಚಿಗೆ ತಗಲದೆ, ಆದರೆ ಕೂದಲೆಳೆಯಷ್ಟೇ ಅಂತರವಿಟ್ಟು ಆಡಬೇಕು. ಉದ್ದನೆಯ ನಾಲಗೆ ಮಂದ್ರಕ್ಕೆ, ಗಿಡ್ಡನೆಯದು ತಾರಕ್ಕೆ. ಪೇಟಿಯ ಕಸುಬುದಾರರು ಸುರಗಳ ಸಾಲುಗಳನ್ನು ಖರ್ಜ, ನರ, ಮಾದಿ ಎಂದು ಕರೆಯುತ್ತಾರೆ. 42 ಪಟ್ಟಿಗಳ ಪೇಟಿಗೆ ಮೂರು ಸಾಲುಗಳಿದ್ದರೆ ಅದರೊಳಗೆ 126 ನಾಲಗೆಗಳಿವೆ ಎಂದಾಯಿತು. ಇಷ್ಟು ನಾಲಗೆಗಳಿದ್ದೂ ಒಂದೇ ಮಾತನ್ನಾಡಬೇಕೆಂಬುದೇ ದುರಸ್ತಿಗಾರನ ತಪಸ್ಸು.

ಹಳೆಯ ಪೇಟಿಗಳಲ್ಲಿಯ ಸುರಗಳು ಬಹುಮಟ್ಟಿಗೆ ಪ್ಯಾರಿಸ್ಸಿನಿಂದಲೋ ಜರ್ಮನಿಯಿಂದಲೋ ಬಂದವು. ಸ್ವಾತಂತ್ರ್ಯಾನಂತರ ಆಮದು ಕಡಿಮೆಯಾದಂತೆ ಗುಜರಾತಿನ ಪಾಲಿತಾಣದ ಸುರಗಳು ದೇಶದ ತುಂಬ ಹಬ್ಬಿದವು. ಪಾಲಿತಾಣದಲ್ಲಿಯೂ ಉತ್ತಮವಾದ ಸುರಗಳು ತಯಾರಾಗುತ್ತವೆ. ಆದರೂ ಹಳೆಯ ಜರ್ಮನ್ ಸುರದ ಮಾರ್ದವವನ್ನು ಕೇಳಿ ಬಲ್ಲ ವಾದಕರು ಅದನ್ನು ಬಿಟ್ಟುಕೊಡಲು ಸುಲಭಕ್ಕೆ ಒಪ್ಪುವುದಿಲ್ಲ.

ರೋಗಗಳು ಮತ್ತು ಚಿಕಿತ್ಸೆ

ಪೇಟಿಯ ರೋಗಗಳು ಹಲವು. ಪಟ್ಟಿಯನ್ನು ಒತ್ತಿದರೂ ಸ್ವರ ಬಾರದಿದ್ದರೆ ಸೀಳಿನಲ್ಲಿ ಧೂಳಿನ ಕಣ ಸಿಕ್ಕಿರಬಹುದು. ತೆಳುವಾದ ಕಾಗದದ ಚೂರೊಂದನ್ನು ಸೀಳಿನಲ್ಲಿ ಮೆಲ್ಲನೆ ಎಳೆದರೆ ಬಾಯಿ ಬರುತ್ತದೆ. ಒತ್ತದಿದ್ದರೂ ಒಂದು ಸ್ವರ ಕೂಗುತ್ತಲೇ ಇದ್ದರೆ ಅದರ ಮುಚ್ಚಳವು ಸರಿಯಾಗಿ ಕೂತಿಲ್ಲ. ಸ್ಪ್ರಿಂಗು ಸೋತಿದೆ ಅಥವಾ ತೊಗಲು ಸವೆದಿದೆ. ಸ್ವರದೊಡನೆ ಜಿರ್ ಎಂಬ ಸದ್ದು ಬಂದರೆ ನಾಲಗೆಯು ಓರೆಯಾಗಿ ಚೌಕಟ್ಟಿನ ಅಂಚಿಗೆ ತಾಗುತ್ತಿದೆ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಪಟ್ಟಿಗಳು ಒಂದಕ್ಕೊಂದು ತಾಕಿ ಕೆಳಗೇ ಉಳಿಯುವುದುಂಟು. ಇಲಿಗೆ ತಿದಿಯ ತೊಗಲಿನಷ್ಟು ರುಚಿಯಾದ ವಸ್ತು ಬೇರಿಲ್ಲ. ಇವೆಲ್ಲಕ್ಕಿಂತ ಸಾಮಾನ್ಯವಾದ ರೋಗ ಗಾಳಿಯ ಸೋರಿಕೆ. ಇದನ್ನು ತಿಳಿಯುವ ಉಪಾಯ ಮನೆಯಲ್ಲಿಯೇ ಮಾಡುವಂಥದು: ಒಳತಿದಿಯನ್ನು ಪೂರ್ಣ ತುಂಬಿ, ಯಾವ ಪಟ್ಟಿಯನ್ನೂ ಒತ್ತದೆ ಬಿಡಬೇಕು. ತುಂಬಿದ ತಿದಿ ಬಹಳ ಹೊತ್ತು ಹಾಗೆಯೇ ನಿಂತರೆ ಪೇಟಿ ಆರೋಗ್ಯವಾಗಿದೆ. ನೋಡುನೋಡುತ್ತಲೇ ಕುಸಿದರೆ ಎಲ್ಲಿಯೋ ರಂಧ್ರವಿದೆ.

ಇಲ್ಲಿಯವರೆಗಿನ ಕೆಲಸ ಬಡಗಿಯದು, ಚಮ್ಮಾರನದು. ಮುಂದಿನದು ಕಿವಿಯ ಕೆಲಸ. ಸುರವನ್ನು ಶ್ರುತಿಗೆ ತರುವುದು ಹೇಗೆಂಬುದನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ನಾಲಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ತುದಿಯ ಭಾರ ಕಡಿಮೆಯಾದರೆ ನಾಲಗೆ ಬೇಗ ಬೇಗ ಆಡುತ್ತದೆ. ಬುಡದ ಬಿಗಿ ಕಡಿಮೆಯಾದರೆ ನಿಧಾನವಾಗಿ ಆಡುತ್ತದೆ. ಹೇಳಲು ಇಷ್ಟು ಸುಲಭ. ಮಾಡಲು ಹತ್ತು ವರ್ಷಗಳ ಸಾಧನೆ ಬೇಕು. ಕೆರೆದಾಗ ಬಿಸಿಯಾದ ನಾಲಗೆ ಆರುವವರೆಗೆ ಅದರ ನಿಜವಾದ ಸ್ವರ ತಿಳಿಯದು. ಹೊರಗೆ ಊದಿ ನೋಡಿದ ಸ್ವರ ಪೇಟಿಯೊಳಗೆ ಕೂರಿಸಿದಾಗ ಕೊಂಚ ಬದಲಾಗುತ್ತದೆ. ಆದ್ದರಿಂದ ಬಲ್ಲ ಕಸುಬುದಾರನು ಗುರಿಗಿಂತ ಒಂದಿಷ್ಟು ಮೊದಲೇ ಕೈ ತಡೆಯುತ್ತಾನೆ, ಕಾಯುತ್ತಾನೆ, ಕೂರಿಸಿ ಕೇಳುತ್ತಾನೆ, ಮತ್ತೆ ತೆಗೆಯುತ್ತಾನೆ.

ಅವನ ಅಳತೆಗೋಲು ಯಾವುದು? ಎರಡು ಸ್ವರಗಳು ಒಂದಕ್ಕೊಂದು ಸಮೀಪವಿದ್ದೂ ಒಂದಾಗದಿದ್ದಾಗ ಅವುಗಳ ಕೂಡುದನಿ ಅಲೆಯಲೆಯಾಗಿ ಏರಿಳಿಯುತ್ತದೆ. ಒಂದು ನಾಲಗೆ ಸೆಕೆಂಡಿಗೆ 240 ಬಾರಿ, ಮತ್ತೊಂದು 242 ಬಾರಿ ಆಡಿದರೆ ಸೆಕೆಂಡಿಗೆ ಎರಡು ಅಲೆಗಳು ಕೇಳಿಸುತ್ತವೆ. ಸ್ವರಗಳು ಹತ್ತಿರವಾದಂತೆ ಅಲೆಗಳು ನಿಧಾನವಾಗುತ್ತವೆ. ಒಂದಾದಾಗ ಅಲೆ ಅಡಗಿ ನೀರು ತಿಳಿಯಾಗುತ್ತದೆ. ಆ ತಿಳಿಯಾಗುವ ಕ್ಷಣವನ್ನು ಹಿಡಿಯುವ ಕಿವಿಯೇ ಈ ವಿದ್ಯೆಯ ಬಂಡವಾಳ. ಇಂದು ಕೈಯಲ್ಲಿ ಹಿಡಿಯುವ ದೂರವಾಣಿಯೇ ಕಂಪನಗಳನ್ನೆಣಿಸಿ ಹೇಳುತ್ತದೆ, ನಿಜ. ಆದರೆ ಎಲ್ಲಿ ಕೆರೆಯಬೇಕು, ಎಷ್ಟು ಕೆರೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅದು ಹೇಳಲಾರದು.

ನೆನಪಿಡಬೇಕಾದ ಮಾತೊಂದಿದೆ. ಕೆರೆದ ಹಿತ್ತಾಳೆ ಮರಳಿ ಬರುವುದಿಲ್ಲ. ಅವಸರದ ಕೈಯಲ್ಲಿ ತುದಿಯನ್ನೊಮ್ಮೆ ಬುಡವನ್ನೊಮ್ಮೆ ಕೆರೆಸಿಕೊಂಡ ನಾಲಗೆ ತೆಳುವಾಗಿ, ಒಂದು ದಿನ ನುಡಿಸುತ್ತಿರುವಾಗಲೇ ಬಿರುಕು ಬಿಡುತ್ತದೆ. ದುರಸ್ತಿಯೆಂಬುದು ವಾದ್ಯದ ಆಯುಷ್ಯವನ್ನು ಬೆಳೆಸಬಹುದು, ತಿನ್ನಲೂಬಹುದು.

ಗಾಂಧಾರದ ವ್ಯಾಜ್ಯ

ಶ್ರುತಿಗೆ ತರುವುದೆಂದರೆ ಯಾವ ಶ್ರುತಿಗೆ? ಇಲ್ಲಿಯೇ ಪೇಟಿಯ ನೂರು ವರ್ಷಗಳ ವ್ಯಾಜ್ಯ ಅಡಗಿದೆ.

ಪಾಶ್ಚಾತ್ಯರು ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಹಂಚಿದರು. ಯಾವ ಪಟ್ಟಿಯಿಂದ ಆರಂಭಿಸಿದರೂ ಒಂದೇ ಬಗೆಯಾಗಿ ನುಡಿಸಬಹುದೆಂಬುದು ಇದರ ಲಾಭ. ನಷ್ಟವೇನೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಷಡ್ಜವು ಸೆಕೆಂಡಿಗೆ 240 ಕಂಪನವೆಂದಿಟ್ಟುಕೊಳ್ಳಿ. ತಂಬೂರಿಯ ತಂತಿಯಲ್ಲಿ ತಾನಾಗಿ ಕೇಳಿಬರುವ ಶುದ್ಧ ಗಾಂಧಾರವು ಅದರ ಒಂದೂಕಾಲು ಪಟ್ಟು, ಅಂದರೆ 300. ಸಮಭಾಗದ ಪೇಟಿಯಲ್ಲಿ ಅದು ಸುಮಾರು 302.4. ಪಂಚಮವು 360 ಇರಬೇಕಾದಲ್ಲಿ 359.6, ಇದು ಕಿವಿಗೆ ಹೆಚ್ಚು ನೋವಿಲ್ಲ. ಆದರೆ ಧೈವತವು 400 ಇರಬೇಕಾದಲ್ಲಿ 403.6! ಗಾಯಕನ ಗಾಂಧಾರ ಒಂದು ಕಡೆಗೆ, ಪೇಟಿಯ ಗಾಂಧಾರ ಇನ್ನೊಂದು ಕಡೆಗೆ ನಿಂತರೆ, ಎರಡರ ನಡುವೆ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಅಲೆಗಳು ಏಳುತ್ತವೆ. ಜೊತೆಗೆ ಪೇಟಿಯಲ್ಲಿ ಮೀಂಡಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರದು, ಜಿಗಿಯಲೇಬೇಕು.

ಇದಕ್ಕೆ ಪರಿಹಾರವನ್ನರಸಿದವರಲ್ಲಿ ಪ್ರಮುಖರು ನಮ್ಮ ಆ ಹಳೆಯ ರಾಜಧಾನಿ ಸಾಂಗಲಿಯವರೇ ಆದ ಕೃಷ್ಣಾಜಿ ಬಲ್ಲಾಳ ದೇವಲರು. 22 ಶ್ರುತಿಗಳ ಕುರಿತು 1910ರಲ್ಲಿ ಅವರು ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಸಿವಿಲ್ ಸರ್ವಿಸಿನ ಅಧಿಕಾರಿ ಇ. ಕ್ಲೆಮೆಂಟ್ಸರು ಅವರೊಡನೆ ಕೂಡಿಕೊಂಡರು. ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಮ್ ಖಾನರ ಕಂಠವು ಅವರ ಪ್ರಯೋಗಗಳಿಗೆ ನೆರವಾಯಿತು. ಇಂಗ್ಲೆಂಡಿನಲ್ಲಿ ಶ್ರುತಿ ಹಾರ್ಮೋನಿಯಂ ಒಂದು ತಯಾರಾಯಿತು. 1916ರಲ್ಲಿ ಬರೋಡೆಯಲ್ಲಿ ಜರುಗಿದ ಅಖಿಲ ಭಾರತ ಸಂಗೀತ ಸಮ್ಮೇಳನದಲ್ಲಿ ಅದರ ಬಗ್ಗೆ ಬಿಸಿಬಿಸಿ ಚರ್ಚೆಯೂ ನಡೆಯಿತು. ವಿದ್ವಾಂಸರು ಒಮ್ಮತಕ್ಕೆ ಬರಲಿಲ್ಲ. ಆ ವಾದ್ಯವು ಮನೆಮನೆಗೆ ಮುಟ್ಟಲಿಲ್ಲ. ಆದರೆ ಅದು ಎತ್ತಿದ ಪ್ರಶ್ನೆ ಸಾಯಲಿಲ್ಲ. ತನ್ನ ಹಾಡಿಕೆಯ ಪಟ್ಟಿ ಯಾವುದೆಂದು ನಿಶ್ಚಿತವಾಗಿ ತಿಳಿದ ಗಾಯಕನೋ ವಾದಕನೋ ಇಂದಿಗೂ ಆ ಷಡ್ಜಕ್ಕೆ ಹೊಂದುವಂತೆ ಗಾಂಧಾರ ಧೈವತಗಳನ್ನು ಒಂದಿಷ್ಟು ಇಳಿಸಿಕೊಡಿರೆಂದು ಕೇಳುವುದುಂಟು. ಹಾಗೆ ಇಳಿಸಿದ ಪೇಟಿಯನ್ನು ಅರಿಯದವನೊಬ್ಬನು ‘ಕೆಟ್ಟಿದೆ’ ಎಂದು ಭಾವಿಸಿ ಮತ್ತೆ ಸಮಭಾಗಕ್ಕೆ ಕೆರೆದರೆ, ಯಾರದೋ ಒಂದು ಆಯುಷ್ಯದ ಸಾಧನೆಯನ್ನು ಒರೆಸಿ ಹಾಕಿದಂತೆಯೇ ಸರಿ.

ಮೂವತ್ತೊಂದು ವರ್ಷಗಳ ವನವಾಸ

ಈ ವ್ಯಾಜ್ಯದ ತೀರ್ಪು ಒಮ್ಮೆ ಪೇಟಿಯ ವಿರುದ್ಧವೇ ಬಂದಿತು. 1940ರ ಮಾರ್ಚಿಯಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟಿತು. ಆಗಿನ ಮುಖ್ಯಾಧಿಕಾರಿ ಲಯನೆಲ್ ಫೀಲ್ಡನ್‌ರಿಗೆ ಅದು ಹಿಡಿಸದು; ರವೀಂದ್ರನಾಥ ಠಾಕೂರರೂ ಅದರ ವಿರೋಧಿಗಳೇ. ಈ ನಿಷೇಧವು ಜಾರಿಯಲ್ಲಿರುವಾಗಲೇ 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಆರಂಭವಾಯಿತು. 1971ರಲ್ಲಿ ನಿರ್ಬಂಧವು ಭಾಗಶಃ ಸಡಿಲವಾಗುವವರೆಗೆ ಪೇಟಿಗೆ ರೇಡಿಯೋದ ಬಾಗಿಲು ಮುಚ್ಚಿಯೇ ಇತ್ತು.

ಆದರೆ ಜನತೆ ಅದನ್ನು ಬಿಡಲಿಲ್ಲ. ಭಜನೆ ನಿಲ್ಲಲಿಲ್ಲ, ನಾಟಕ ನಿಲ್ಲಲಿಲ್ಲ. ಬೆಳಗಾವಿಯ ವಿಠ್ಠಲರಾವ್ ಕೋರೆಗಾಂವಕರ, ರಾಮಭಾವು ಬಿಜಾಪುರೆಯವರಂಥ ವಾದಕರು ಇದೇ ಮಿತಿಯುಳ್ಳ ಪೇಟಿಯಿಂದ ಗಾಯಕಿಯ ನೆರಳನ್ನು ಹೊರಡಿಸಿದರು. 1917ರಲ್ಲಿ ಜನಿಸಿ 2010ರಲ್ಲಿ ತೀರಿಕೊಂಡ ಬಿಜಾಪುರೆಯವರ ದೀರ್ಘಜೀವನವು ಪೇಟಿಯ ಬಹಿಷ್ಕಾರವನ್ನೂ ಪುನಃಪ್ರವೇಶವನ್ನೂ ಕಂಡಿತು. ವಾದ್ಯದ ದೋಷವನ್ನು ವಾದಕನ ವಿವೇಕ ಗೆಲ್ಲಬಲ್ಲದೆಂಬುದಕ್ಕೆ ಇಂಥವರೇ ಸಾಕ್ಷಿ.

ವಿದ್ಯುತ್ತಿನ ವಾದ್ಯಗಳಿಗೂ ಇದೇ ಪಾಡು

ಹಳತಾಗುವುದು ಗಾಳಿಯ ಪೇಟಿಗೆ ಮಾತ್ರ ಬಂದ ಶಾಪವಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಅಮೆರಿಕದಿಂದ ಮೂಗ್ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯ ಬಂದಿತು. ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಅಲ್ಲಿ ಸಜ್ಜುಗೊಳಿಸಿದನು. ಗೀತಾ ಸಾರಾಭಾಯಿ ಮೊದಲಾದವರು ಅದರ ಮೇಲೆ ಮಾಡಿದ ಪ್ರಯೋಗಗಳ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲಿ ಮಲಗಿದ್ದು, 2023ರಲ್ಲಿ ಪ್ರಕಟವಾದವು. 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗರು ರೋಲ್ಯಾಂಡ್ ಕಂಪನಿಯ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ಮುದ್ರಿಸಿದರು. ಆಗ ಕೇಳುವವರಿರಲಿಲ್ಲ, 2010ರ ಮರುಮುದ್ರಣದ ಬಳಿಕ ಜಗತ್ತೇ ಕೇಳಿತು. ಬೆಂಗಳೂರಿನ ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣರು 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ್ದು ಕನ್ನಡ ನಾಡಿನ ಕೊಡುಗೆ.

ಈ ಹಳೆಯ ಸಿಂಥಸೈಜರುಗಳಲ್ಲಿ ಸ್ವರವು ವಿದ್ಯುತ್ತಿನ ಒತ್ತಡದಿಂದ ಹುಟ್ಟುತ್ತದೆ. ಮೂಗ್ ಯಂತ್ರದಲ್ಲಿ ಒಂದು ವೋಲ್ಟು ಹೆಚ್ಚಿದರೆ ಸ್ವರವು ಒಂದು ಸಪ್ತಕ ಮೇಲೇರುತ್ತದೆ. ಸೆಕೆ ಹೆಚ್ಚಾದರೆ ಸ್ವರ ಸರಿಯುತ್ತದೆ. ಆದ್ದರಿಂದ ನುಡಿಸುವ ಮುನ್ನ ಯಂತ್ರವನ್ನು ಕೆಲಹೊತ್ತು ಕಾಯಿಸಬೇಕು. ಕಾಲಕ್ರಮದಲ್ಲಿ ಒಳಗಿನ ಕೆಪಾಸಿಟರುಗಳ ರಸ ಒಣಗುತ್ತದೆ. ತಿರುಗಣಿಗಳಲ್ಲಿ ಧೂಳು ಸೇರಿ ಕರಕರ ಎನ್ನುತ್ತದೆ. ಕೆಲವು ಬಿಡಿಭಾಗಗಳ ತಯಾರಿಕೆಯೇ ನಿಂತುಹೋಗಿದೆ. 1983ರಲ್ಲಿ ಯಾಮಹಾ ಕಂಪನಿಯ ಅಂಕೀಯ ವಾದ್ಯವು ಬಂದಾಗ ಇವನ್ನು ಜನ ಅಗ್ಗಕ್ಕೆ ಮಾರಿದರು. ಇಂದು ಅವನ್ನೇ ಹುಡುಕಿ, ದುಬಾರಿ ಹಣ ತೆತ್ತು, ದುರಸ್ತಿ ಮಾಡಿಸುತ್ತಿದ್ದಾರೆ.

ಆ ಯಂತ್ರಗಳ ದುರಸ್ತಿಗಾರರು ಪಾಲಿಸುವ ನಿಯಮವೊಂದು ನಮ್ಮ ಪೇಟಿಗೂ ಹೊಂದುತ್ತದೆ. ಸವೆಯಲೆಂದೇ ಇರುವ ಭಾಗಗಳನ್ನು ನಿಸ್ಸಂಕೋಚವಾಗಿ ಬದಲಿಸು. ದನಿ ಹುಟ್ಟುವ ಭಾಗವನ್ನು ಮಾತ್ರ ಕೊನೆಯವರೆಗೂ ಕಾಪಾಡು. ಅಲ್ಲಿ ಕೆಪಾಸಿಟರು ಹೇಗೋ ಇಲ್ಲಿ ತೊಗಲು ಹಾಗೆ. ಅಲ್ಲಿಯ ಸ್ವರೋತ್ಪಾದಕ ಹೇಗೋ ಇಲ್ಲಿಯ ಹಿತ್ತಾಳೆಯ ನಾಲಗೆ ಹಾಗೆ.

‘ಹೊಸಾದು ಮಾಡ್ಕೊಡ್ರಿ’

ದುರಸ್ತಿಗೆ ಪೇಟಿ ತಂದವರು ಸಾಮಾನ್ಯವಾಗಿ ಆಡುವ ಮಾತು ಇದು: “ಎಲ್ಲಾ ತಗದು ಹೊಸಾದು ಮಾಡ್ಕೊಡ್ರಿ.” ಮಾತಿನಲ್ಲಿ ಪ್ರೀತಿಯಿದೆ, ಅಪಾಯವೂ ಇದೆ. ಹಾಗೆಂದೊಡನೆ ಹಳೆಯ ಸುರಗಳನ್ನೆಲ್ಲ ಕಿತ್ತು, ಹೊಸ ಸುರಗಳ ಸಾಲನ್ನು ಕೂರಿಸಿ, ಮೇಲೊಂದು ಹೊಳೆಯುವ ಪಾಲಿಶ್ ಬಳಿದುಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಹಳೆಯ ಹಿತ್ತಾಳೆ ಮೋಡಕಾದವನ ತಕ್ಕಡಿಗೆ ಹೋಗುತ್ತದೆ. ಮನೆಗೆ ಮರಳುವುದು ಅಜ್ಜನ ಪೇಟಿಯ ಮರದ ಡಬ್ಬಿ ಮಾತ್ರ. ಅಜ್ಜನ ಪೇಟಿಯ ದನಿಯಲ್ಲ.

ಆದುದರಿಂದ ಹಳೆಯ ಪೇಟಿಯುಳ್ಳ ಕುಟುಂಬಗಳೂ ಭಜನಾ ಮಂಡಲಿಗಳೂ ಕೆಲವು ಮಾತುಗಳನ್ನು ಗಮನದಲ್ಲಿಡುವುದು ಒಳ್ಳೆಯದು. ಮೊದಲನೆಯದಾಗಿ, ಬಿಚ್ಚುವ ಮುನ್ನ ಪ್ರತಿಯೊಂದು ಪಟ್ಟಿಯನ್ನೂ ನುಡಿಸಿ ಆ ದನಿಯನ್ನು ಮುದ್ರಿಸಿಕೊಳ್ಳಬೇಕು. ಮೊದಲು ಹೇಗಿತ್ತೆಂಬುದಕ್ಕೆ ಅದೇ ಸಾಕ್ಷಿ. ಎರಡನೆಯದಾಗಿ, ತಿದಿ, ತೊಗಲು, ಸ್ಪ್ರಿಂಗುಗಳ ಬದಲಾವಣೆಗೆ ಒಪ್ಪಿ, ಸುರಗಳ ವಿಷಯದಲ್ಲಿ ಮಾತ್ರ ಒಂದೊಂದನ್ನೇ ತೋರಿಸಿ ಕೇಳಬೇಕೆಂದು ಹೇಳಬೇಕು. ಬಿರುಕು ಬಿಟ್ಟ ನಾಲಗೆಯನ್ನು ಬದಲಿಸಲೇಬೇಕು. ಧೂಳು ಹಿಡಿದುದನ್ನು ಒರೆಸಿದರೆ ಸಾಕು. ಮೂರನೆಯದಾಗಿ, ತೆಗೆದ ಭಾಗಗಳನ್ನು ಚೀಲವೊಂದರಲ್ಲಿ ಕಟ್ಟಿ ಮರಳಿ ಪಡೆಯಬೇಕು. ಕೊನೆಯದಾಗಿ, ಯಾವ ವರ್ಷ ಏನನ್ನು ಬದಲಿಸಿತು, ಯಾವ ಪಟ್ಟಿಯ ಷಡ್ಜಕ್ಕೆ ಶ್ರುತಿ ಮಾಡಿತು ಎಂಬುದನ್ನು ಚೀಟಿಯಲ್ಲಿ ಬರೆದು ಪೇಟಿಯ ಒಳಮೈಗೆ ಅಂಟಿಸಬೇಕು. ಐವತ್ತು ವರ್ಷಗಳ ನಂತರ ಅದನ್ನು ಬಿಚ್ಚುವವನಿಗೆ ಆ ಚೀಟಿ ಹಿರಿಯರ ಓಲೆಯಂತೆ ದಾರಿ ತೋರಿಸುವುದು.

ಸಿತಾರು ತಂಬೂರಿಗಳಿಗೆ ಹೆಸರಾದ ಮಿರಜದ ಕುಶಲಕರ್ಮಿಗಳ ಕಸುಬಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಸಂತೋಷದ ಸಂಗತಿ. ವಾದ್ಯವನ್ನು ಮಾಡುವವನಿಗೆ ಹೀಗೆ ಎಂದೋ ಒಂದು ದಿನ ಗೌರವ ಸಿಗುತ್ತದೆ. ಅದನ್ನು ಬದುಕಿಸುವವನ ಹೆಸರನ್ನು ಕೇಳುವವರು ಯಾರು? ಊರೂರು ಅಲೆದು, ಜಾತ್ರೆಗೆ ಮುನ್ನ ಮಂಡಲಿಯ ಪೇಟಿಯನ್ನು ಸರಿಪಡಿಸಿ ಹೋಗುವ ದುರಸ್ತಿಗಾರನ ಕೆಲಸ ಚೆನ್ನಾಗಿ ಆದಷ್ಟೂ ಕಾಣದು. ಯಾವ ಪಟ್ಟಿ ಕೆಟ್ಟಿತ್ತೆಂಬುದೇ ಮರೆತುಹೋದರೆ ಅವನು ಗೆದ್ದಂತೆ. ಆ ಕೈಗೆ ತಕ್ಕ ಕೂಲಿಯನ್ನು ಚೌಕಾಶಿಯಿಲ್ಲದೆ ಕೊಟ್ಟು, ಬಳಿಯಲ್ಲೊಬ್ಬ ಹುಡುಗನನ್ನು ಕೂರಿಸಿ ಕಲಿಯಲು ಹಚ್ಚಿದರೆ, ಮುಂದಿನ ಶ್ರಾವಣದಲ್ಲಿಯೂ ನಮ್ಮ ಗುಡಿಗಳ ಭಜನೆಗೆ ಶ್ರುತಿಯ ಕೊರತೆಯಾಗದು.